ಮೂವತ್ತೊಂದನೆಯ ಮೆದುಳಿನ ಮಾಲೀಕರಿಗೆ

ಮಾನ್ಯರೇ,

ಹಾಲು, ನಿದ್ದೆ, ಬಿಕ್ಕಳಿಕೆಗಳ ನಡುವೆ ತಮಗೆ ಸಿಗುವ ಬಿಡುವು ಎಷ್ಟು ಕಡಿಮೆಯೆಂದು ಬಲ್ಲ ನಾನು, ತಮ್ಮ ಚಿಕ್ಕಮ್ಮ ಹಾಗೂ ನವಜಾತ ಶಿಶುಗಳ ಮೆದುಳಿನ ಅಧ್ಯಯನ ಕೇಂದ್ರದ ಕಚೇರಿ ಸಹಾಯಕಿ, ತಮ್ಮ ಪುಟ್ಟ ಪಾದಗಳಿಗೆ ವಂದಿಸಿ ಈ ದೂರನ್ನು ಸಲ್ಲಿಸುತ್ತಿದ್ದೇನೆ. ತಮಗಿನ್ನೂ ಓದಲು ಬಾರದ ಕಾರಣ, ಯಾರು ಬೇಕಾದರೂ ಓದಿ ಹೇಳಲೆಂದು ತೆರೆದ ಪತ್ರವಾಗಿಯೇ ಬರೆದಿದ್ದೇನೆ; ಹೇಗೂ ಕಳೆದ ಶುಕ್ರವಾರದಿಂದ ನನ್ನ ಬಳಿ ಖಾಸಗಿ ಎನ್ನುವಂಥದ್ದೇನೂ ಉಳಿದಿಲ್ಲ.

ತಾವು ಏಳು ವಾರ ಮೊದಲೇ ಹುಟ್ಟಿದಿರಿ. ಅವಸರಕ್ಕೆ ಕಾರಣ ಕೊಡಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಆದರೆ ಅಂದಿನಿಂದ ತಮ್ಮ ತಾಯಿ, ಅಂದರೆ ನನ್ನ ಅಕ್ಕ, ನೋಡಲು ಬಂದವರಿಗೆಲ್ಲ "ಅವನಿಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದಾನೆ" ಎನ್ನುತ್ತ, ಬಂದವರು ಹೊಸ್ತಿಲು ದಾಟಿದೊಡನೆ ತಮ್ಮ ಮೂಗಿನ ಬಳಿ ಬೆರಳಿಟ್ಟು ಉಸಿರು ಎಣಿಸುತ್ತಾಳೆ. ಬೇಗ ಹುಟ್ಟಿದ ಮಕ್ಕಳ ಮೆದುಳು ಹೇಗೆ ಬೆಳೆಯುತ್ತದೆಂದು ನಮ್ಮ ಕೇಂದ್ರದವರು ಎಂಆರ್‌ಐ ಯಂತ್ರದಲ್ಲಿ ಚಿತ್ರ ತೆಗೆದು ನೋಡುತ್ತಾರೆಂದೂ, ಗಮನ ಕೊಡಬೇಕಾದದ್ದೇನಾದರೂ ಕಂಡರೆ ಹೆತ್ತವರಿಗೆ ತಿಳಿಸುತ್ತಾರೆಂದೂ ನಾನೇ ಅವಳಿಗೆ ಹೇಳಿದೆ. "ಏನಿದ್ರೂ ಗೊತ್ತಾಗ್ಲಿ ಕಣೇ" ಎಂದು ಸಹಿ ಹಾಕಿದಳು. ತಾವು ಪಟ್ಟಿಯಲ್ಲಿ ಮೂವತ್ತೊಂದನೆಯವರಾದಿರಿ.

ಮತ್ತಿನ ಮದ್ದು ಕೊಡುವಂತಿಲ್ಲ. ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ತಾವಾಗಿಯೇ ನಿದ್ರಿಸುವವರೆಗೆ ಕಾಯಬೇಕೆಂಬುದು ನಿಯಮ. ಅಲುಗದೆ ಮಲಗುವುದೊಂದೇ ಕೆಲಸ; ಸಾಹಿತ್ಯದಲ್ಲಿ ಎಂ.ಎ. ಮಾಡಿದ ನನಗೂ ಅಷ್ಟು ಹಗುರದ ನೌಕರಿ ಸಿಕ್ಕಿಲ್ಲ. ಆದರೂ ಮೊದಲ ಸಲ, ಇಬ್ಬರು ಡಾಕ್ಟರೇಟ್ ಪಡೆದವರು ಮತ್ತು ಒಬ್ಬ ನರ್ಸು ಒಂದು ಗಂಟೆ ನಲವತ್ತು ನಿಮಿಷ ತುದಿಗಾಲಲ್ಲಿ ನಿಂತಿದ್ದರೂ, ತಾವು ಚಾವಣಿಯ ದೀಪವನ್ನು ನೋಡುತ್ತ ಮಲಗಿದ್ದಿರಿ. ಎರಡನೆಯ ಸಲ ನಿದ್ರಿಸಿ, ಯಂತ್ರ ಸದ್ದೆತ್ತುತ್ತಲೇ ಎದ್ದು, ಕಟ್ಟಡದ ಮೂರೂ ಮಹಡಿಗೆ ಕೇಳುವಂತೆ ತಮ್ಮ ಅಭಿಪ್ರಾಯ ತಿಳಿಸಿದಿರಿ. ಬೇಡವೆನ್ನುವುದನ್ನು ಇಷ್ಟು ಚೆನ್ನಾಗಿ ಬಲ್ಲ ಮೆದುಳಿನ ಮೇಲೆ ಇನ್ನೇನು ಸಂಶೋಧನೆ ಎಂದು ನನಗನ್ನಿಸಿತು. "ಮೀಟಿಂಗ್ ನೋಟ್ಸ್ ನೀವೇ ಬರೀತೀರಲ್ವಾ" ಎಂದು ಯಾರು ಕೇಳಿದರೂ ತಲೆಯಾಡಿಸುವುದಷ್ಟೇ ಇಪ್ಪತ್ನಾಲ್ಕು ವರ್ಷಗಳ ನನ್ನ ಮೆದುಳಿನ ಬೆಳವಣಿಗೆ.

ಉಳಿದದ್ದು ಶುಕ್ರವಾರವೊಂದೇ. ತಾವು ಹುಟ್ಟಬೇಕಿದ್ದ ದಿನದ ಆಸುಪಾಸಿನ ಚಿತ್ರವೇ ಅಧ್ಯಯನಕ್ಕೆ ಬೇಕಾದ್ದರಿಂದ, ಅಂದು ತಪ್ಪಿದರೆ ತಮ್ಮನ್ನು ಕೈಬಿಡುತ್ತಿದ್ದರು. ಅಕ್ಕನ ಉಸಿರೆಣಿಕೆ ಮಾತ್ರ ಮುಂದುವರಿಯುತ್ತಿತ್ತು. ನರ್ಸು ರಜೆಯಲ್ಲಿದ್ದರು. ಅಕ್ಕ ಯಂತ್ರದ ಕೋಣೆಯ ಬಾಗಿಲವರೆಗೆ ಬಂದು ಹಿಂದೆ ಸರಿದಳು. "ನೀವೇ ಒಳಗೆ ಕೂತ್ಕೊಳ್ಳಮ್ಮ, ನಿಮ್ಮಷ್ಟು ಸುಮ್ನಿರೋರು ಈ ಬಿಲ್ಡಿಂಗಲ್ಲಿ ಇನ್ಯಾರಿದ್ದಾರೆ" ಎಂದರು ಯಂತ್ರದ ಆಪರೇಟರ್. ಹೇರ್‌ಪಿನ್ನು, ಬಳೆ ತೆಗೆದಿಟ್ಟು, ತಮ್ಮ ಕಿವಿ ಮುಚ್ಚಿ, ನನ್ನ ಕಿವಿಯನ್ನೂ ಮುಚ್ಚಿಕೊಂಡು ಕೂತೆ. ಯಂತ್ರ ತಗಡಿಗೆ ಸುತ್ತಿಗೆ ಬಡಿದಂತೆ ಶುರುವಾಯಿತು. ತಮ್ಮ ಹುಬ್ಬು ಗಂಟಿಕ್ಕಿತು. ತಮ್ಮ ಕಾಲ ಮೇಲೆ ಕೈಯಿಟ್ಟೆ, ನನ್ನ ಭಯ ತಮಗೆ ತಾಗದಿರಲೆಂದು ಹಾಡತೊಡಗಿದೆ.

ನಾಲ್ಕು ಜನರ ಮುಂದೆ ಎಂದೂ ಬಾಯಿಬಿಟ್ಟವಳಲ್ಲ ನಾನು. ಆ ಗದ್ದಲದಲ್ಲಿ ನನ್ನ ದನಿ ನನಗೇ ಕೇಳದೆ ಇದ್ದದ್ದರಿಂದ ಧೈರ್ಯ ಬಂತು. ಒಂದು ಜೋಗುಳವೂ ನೆನಪಾಗದೆ, ನಾನೇ ಬರೆದು ಹತ್ತಾರು ಸಲ ತಿದ್ದಿದ ಸಮ್ಮತಿ ಪತ್ರವನ್ನೇ ರಾಗಕ್ಕೆ ಹಾಕಿದೆ: "ಭಾಗವಹಿಸುವುದು ತಮ್ಮ ಇಚ್ಛೆ, ಲಾಲಿ, ಕಾರಣ ಕೊಡದೆ ಹಿಂದೆ ಸರಿಯಬಹುದು, ಲಾಲಿ, ಒಳಗಿನ ಪ್ರತಿ ಸದ್ದೂ ಹೊರಗೆ ಕೇಳುತ್ತಿರುತ್ತದೆ, ಲಾಲಿ." ಪತ್ರ ಮುಗಿದ ಮೇಲೆ ಬಾಯಿಗೆ ಬಂದದ್ದನ್ನು ಹಾಡಿದೆ: "ನಿಮ್ಮಮ್ಮಂಗೆ ಭಯ ಕಂದ, ಯಾರ್ಗೂ ಹೇಳಲ್ಲ ಕಂದ, ನಂಗೂ ಭಯ ಕಂದ, ಸುಮ್ನೆ ಮಲ್ಕೋ ಕಂದ." ತಾವು ಮಲಗಿದಿರಿ.

ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಯಂತ್ರ ಸುಮ್ಮನಾಗಿದ್ದು ಕಿವಿ ಮುಚ್ಚಿ, ಕಣ್ಣೂ ಮುಚ್ಚಿ ಹಾಡುತ್ತಿದ್ದ ನನ್ನ ಗಮನಕ್ಕೆ ಬರಲಿಲ್ಲ. ಮಗು ಎದ್ದರೆ ತಿಳಿಯಲೆಂದು ಒಳಗಿನ ಮೈಕು ತೆರೆದೇ ಇರುತ್ತದೆಂದು ಬರೆದವಳೂ ನಾನೇ, ಅದನ್ನೇ ಹಾಡಿದವಳೂ ನಾನೇ. ಗಾಜಿನಾಚೆ ಸ್ಪೀಕರಿನ ಮುಂದೆ ಆಪರೇಟರ್, ಇಬ್ಬರು ಸಂಶೋಧಕರು ಮತ್ತು ಅಕ್ಕ ಕೂತಿದ್ದರು.

ಹೊರಬಂದಾಗ ಮೂವರು ತುಂಬ ಶ್ರದ್ಧೆಯಿಂದ ಕಂಪ್ಯೂಟರ್ ನೋಡುತ್ತಿದ್ದರು. ಅಕ್ಕ ಮಾತ್ರ ಹತ್ತಿರ ಬಂದು "ನನ್ನ ಭಯ ಅಷ್ಟು ಗೊತ್ತಾಗ್ತಿತ್ತೇನೇ?" ಎಂದು ಕೇಳಿ, ಏಳು ವಾರಗಳಲ್ಲಿ ಮೊದಲ ಸಲ ಎಲ್ಲರೆದುರೇ ಅತ್ತಳು. ಬುಧವಾರ ಡಾಕ್ಟರು ಕರೆ ಮಾಡಿ, ಚಿತ್ರಗಳು ಸ್ಪಷ್ಟವಾಗಿ ಬಂದಿವೆ, ಗಾಬರಿಪಡುವಂಥದ್ದೇನೂ ಕಂಡಿಲ್ಲ ಎಂದರು. ಅಕ್ಕ ಫೋನು ಕೆಳಗಿಟ್ಟು, ಕೂತ ಕುರ್ಚಿಯಲ್ಲೇ, ಒಂದೂ ಉಸಿರು ಎಣಿಸದೆ ಮಧ್ಯಾಹ್ನವಿಡೀ ನಿದ್ರಿಸಿದಳು. ತಾವು ಆ ಮಧ್ಯಾಹ್ನವಿಡೀ ನನ್ನ ಹೆಗಲ ಮೇಲೆ ಅತ್ತಿರಿ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ: ಆ ಹಾಡಿನ ಒಂದಕ್ಷರವೂ ತಮಗೆ ಕೇಳಿಸಿಲ್ಲವೆಂದು ಹೆಬ್ಬೆಟ್ಟೊತ್ತಿ ದೃಢೀಕರಿಸಬೇಕು, ತಮ್ಮ ವೈಜ್ಞಾನಿಕ ಪ್ರಭಾವ ಬಳಸಿ, ಗಾಜಿನಾಚೆ ಇದ್ದ ನಾಲ್ಕು ಮೆದುಳುಗಳಿಂದಲೂ ಆ ಇಪ್ಪತ್ತು ನಿಮಿಷಗಳನ್ನು ಅಳಿಸಿಕೊಡಬೇಕು. ಅಲ್ಲ, ಮೂರು ಸಾಕು. ಅಕ್ಕನದ್ದು ಇರಲಿ.

ತಮ್ಮ ಅಳುವಿಗೂ ನಿದ್ದೆಗೂ ಸಮಾನವಾಗಿ ಬದ್ಧಳಾದ,
ತಮ್ಮ ವಿಶ್ವಾಸಿ ಚಿಕ್ಕಮ್ಮ

ಮರೆತ ಮಾತು: ಮುಂದಿನ ವಾರ ಬರುವ ಮೂರು ಶಿಶುಗಳ ಹೆಸರಿನ ಎದುರು ಆಪರೇಟರ್ "ಹಾಡುವವರು" ಎಂಬ ಹೊಸ ಕಾಲಂ ಎಳೆದು, ಮೂರರಲ್ಲೂ ನನ್ನ ಹೆಸರು ತುಂಬಿದ್ದಾರೆ. ಸಮ್ಮತಿ ಪತ್ರವನ್ನು ನನಗೆ ಯಾರೂ ಕೊಟ್ಟಿಲ್ಲ. ಮೂರೂ ಮಹಡಿಗೆ ಕೇಳುವಂತೆ "ಬೇಡ" ಎಂದ ತಮ್ಮ ಆ ರಾಗವನ್ನು ಸೋಮವಾರದೊಳಗೆ ನನಗೆ ಕಲಿಸಿಕೊಡುವಿರೆಂದು ನಂಬಿದ್ದೇನೆ.