ವಿಮೆ ಪತ್ರಕ್ಕೆ ನಾನು ಅಂಟಿಸಿದ ಸ್ಟಾಂಪು

ನಾನು ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ಹೇಳುವುದು ಸುಲಭ. ನಾಯಿಗೆ, ಹಾವಿಗೆ ಹೆದರುವವರು ಎಲ್ಲ ಊರಲ್ಲೂ ಇದ್ದಾರೆ. ನಾನು ಕಾಗದಕ್ಕೆ ಹೆದರುತ್ತೇನೆ. ಅಣ್ಣ ಹೆದರುತ್ತಿರಲಿಲ್ಲ. ಮನೆಯಲ್ಲಿ ಅವ್ವ, ಅಣ್ಣ, ನಾನು ಮೂವರೇ. ನಮ್ಮ ಕೊನೆಯ ಸಾಧಾರಣ ದಿನ ಅವನು ಮೊಳಕಾಲ್ಮೂರಿನ ನಮ್ಮ ಪಡಸಾಲೆಯಲ್ಲಿ ಕುಳಿತು, ಸ್ಕೂಟರಿನ ಹೊಸ ವಿಮೆ ಪತ್ರವನ್ನು ಬೆಳಕಿಗೆ ಹಿಡಿದು, ಅದರ ಮೂಲೆಯ ಸ್ಟಾಂಪು ತೋರಿಸಿದ. "ನೋಡಲೇ, ವಿಮೆ ಮಾಡಿಸ್ಲೇಬೇಕು ಅಂತಾರೆ. ಮಾಡಿಸಿದ್ರೆ ಅದಕ್ಕೂ ಮುದ್ರಾಂಕ ಶುಲ್ಕ ಐತೆ. ಉಣ್ಣಲೇಬೇಕು ಅಂತ ಕೂರ್ಸಿ ಎಲೆಗೂ ಕಾಸು ಕೇಳ್ದಂಗೆ!" ಎಂದು ನಕ್ಕು ಮಜ್ಜಿಗೆ ಕುಡಿದ. ಮಾರನೆಯ ಬೆಳಗ್ಗೆ ಎದೆನೋವೆಂದ. ಚಳ್ಳಕೆರೆಯ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದ.

ವರ್ಷ ತುಂಬುತ್ತ ಬಂದಾಗ ವಿಮೆಯ ಅವಧಿಯೂ ಮುಗಿಯುತ್ತ ಬಂತು. ಅಣ್ಣ ಒಂದು ದಿನವೂ ತಪ್ಪಿಸಿದವನಲ್ಲ. ಬಸ್ಸಿನಲ್ಲಿ ಚಳ್ಳಕೆರೆಯ ವಿಮೆ ಕಚೇರಿಗೆ ಹೋಗಿ ಅವನ ಹೆಸರಿನಲ್ಲೇ ಕಟ್ಟಿ ಬಂದೆ. ಮಾಲೀಕರ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ಬಂದು ನೋಡಿದರೆ ಹೊಸ ಪತ್ರದಲ್ಲಿ ಸ್ಟಾಂಪೇ ಇಲ್ಲ! ಅವ್ವನೂ ಬಗ್ಗಿ ನೋಡಿ, "ಇಭೂತಿ ಇಲ್ಲದ ಹಣೆ ಕಂಡಂಗೈತಲ್ಲೋ" ಎಂದಳು. ಅಂಚೆ ಕಚೇರಿಗೆ ಓಡಿ ಒಂದು ರೆವಿನ್ಯೂ ಸ್ಟಾಂಪು ತಂದು ಅಂಟಿಸಿದೆ. ಸ್ಟಾಂಪು ಹಚ್ಚಿದ ಮೇಲೆ ಅಡ್ಡ ಸಹಿ ಹಾಕದೆ ಬಿಡುವ ಮನುಷ್ಯ ನಮ್ಮ ಕಡೆ ಹುಟ್ಟಿಲ್ಲ. ಪತ್ರ ಅಣ್ಣನ ಹೆಸರಿನಲ್ಲಿತ್ತು. ಕೈ ತಾನಾಗಿ ಅವನ ಸಹಿ ಹಾಕಿತು, ಕೊನೆಯ ಬಾಲದ ಸಮೇತ.

ಶಾಯಿ ಒಣಗುವ ಮೊದಲೇ ನನ್ನ ಬಾಯಿ ಒಣಗಿತು. ಸತ್ತವನ ಸಹಿ! ಪಕ್ಕದ ಮನೆಯ ತಿಪ್ಪೇಸ್ವಾಮಿಗೆ ಹೇಳಿದೆ. "ಲೇ, ಇದು ಫೋರ್ಜರಿ ಕಣಲೇ. ಹೆದರ್ಬ್ಯಾಡ, ಜೈಲಾಗೆ ಮುದ್ದೆ ದೊಡ್ಡದಿರ್ತೈತಂತೆ" ಎಂದು ಸಮಾಧಾನ ಮಾಡಿದ. ಆ ವಾರವೆಲ್ಲ ಖಾಕಿ ಬಟ್ಟೆ ಕಂಡಲ್ಲೆಲ್ಲ ಓಣಿ ಬದಲಿಸಿದೆ. ಪೋಸ್ಟ್‌ಮ್ಯಾನಿಗೂ ಎರಡೆರಡು ಬಾರಿ ಕೈಮುಗಿದೆ.

ಕೊನೆಗೆ ತಡೆಯಲಾರದೆ ಚಳ್ಳಕೆರೆಯ ಆ ಕಚೇರಿಗೇ ಹೋಗಿ ಗುಮಾಸ್ತರ ಮುಂದೆ ಪತ್ರ ಇಟ್ಟೆ. ಅವರು ಕನ್ನಡಕ ಮೇಲೇರಿಸಿದರು.

"ಇದ್ಯಾಕ್ರೀ ಹಚ್ಚಿದ್ರಿ? ಶುಲ್ಕ ನಾವೇ ಒಟ್ಟಿಗೆ ಸರ್ಕಾರಕ್ಕೆ ಕಟ್ಟಿರ್ತೀವಿ. ಇಲ್ಲೇ ಅಚ್ಚಾಗೈತಲ್ಲ" ಎಂದು ತಳದ ಸಾಸಿವೆಯಂಥ ಅಕ್ಷರ ತೋರಿಸಿದರು.

"ಮತ್ತೆ... ಆ ಸಹಿ, ಸಾರ್?"

"ಅದಕ್ಕೇನಂತೆ? ಮಾಲೀಕರನ್ನ ಕರ್ಕಂಡ್ ಬರ್ರಿ, ಬೇರೆ ಪ್ರತಿ ಕೊಡ್ತೀನಿ."

"ಅವ್ನು ಬರಂಗಿಲ್ಲ ಸಾರ್. ನಮ್ಮಣ್ಣ. ತೀರ್ಕಂಡು ವರ್ಷ ಆತು. ಸಹಿ ನಾನೇ ಹಾಕ್ದೆ."

ಅವರು ಪೆನ್ನು ಕೆಳಗಿಟ್ಟರು. "ಮೊದ್ಲೇ ಹೇಳ್ಬಾರ್ದೇನ್ರೀ? ಗಾಡಿ ನಿಮ್ಮ ಹೆಸರಿಗೆ ಮಾಡಿಸ್ಕಳ್ರಿ, ಆಮೇಲೆ ವಿಮೆನೂ ಮಾಡಾಣ. ಈಗೊಂದು ಅರ್ಜಿ ಬರೀರಿ" ಎಂದು ತಾವೇ ಹಾಳೆ ಕೊಟ್ಟರು. ಜೈಲಿನ ಮಾತೇ ಬರಲಿಲ್ಲ. ಆದರೆ ಸುಳ್ಳು ಸಹಿಯನ್ನು ಒಂದೇ ಏಟಿಗೆ ಹಾಕಿದ್ದ ನಾನು, ಅಣ್ಣನ ಹೆಸರಿಗೆ 'ದಿವಂಗತ' ಎಂದು ಸೇರಿಸಲು ಇನ್ನೂ ಎರಡು ಹಾಳೆ ಕೇಳಿ ಪಡೆಯಬೇಕಾಯಿತು.

ಈಗ ಗಾಡಿ ನನ್ನ ಹೆಸರಿನಲ್ಲಿದೆ, ವಿಮೆಯೂ ಇದೆ, ಶುಲ್ಕ ಸಂದಾಯವಾಗಿದೆ. ಯಾವ ಪೊಲೀಸರು ನಿಲ್ಲಿಸಿದರೂ ಹೆದರಬೇಕಾಗಿಲ್ಲ. ಅವರು ನಿಲ್ಲಿಸುವುದೂ ಕಷ್ಟ: ನನಗೆ ಸ್ಕೂಟರು ಓಡಿಸಲು ಬರುವುದಿಲ್ಲ. ನಾನು ಯಾವಾಗಲೂ ಹಿಂದೆ ಕೂರುತ್ತಿದ್ದವನು. ಮುಂದೆ ಕೂರುತ್ತಿದ್ದ ಅಣ್ಣ ಇಲ್ಲ.