ಗುಂಪು ಕಾಯುವ ಉದ್ಯೋಗ

ಸಂಬಳವಿಲ್ಲದ ಅಧಿಕಾರದಷ್ಟು ರುಚಿಯಾದದ್ದು ಬೇರೊಂದಿಲ್ಲ. ಮದುವೆ ಮನೆಯಲ್ಲಿ ಸೌಟು ಮುಟ್ಟದೆ, ಬಡಿಸುವವರಿಗೆ ಅಪ್ಪಣೆ ಕೊಡುತ್ತಾ ಓಡಾಡುವವರನ್ನು ನೀವು ನೋಡಿರುತ್ತೀರಿ. ನಾನು ನೋಡಿಲ್ಲ, ಹುಟ್ಟು ಕುರುಡ, ಆದರೆ ಕೇಳಿದ್ದೇನೆ. ಮೂಡಿಗೆರೆಯ ಒಂದು ಕಾಫಿ ವ್ಯಾಪಾರದ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ನನಗೆ ಯಾರೂ ಯಾವ ಅಧಿಕಾರವನ್ನೂ ಕೊಟ್ಟಿರಲಿಲ್ಲ. ಇನ್ನೊಬ್ಬರ ಮಾತಿಗೆ ಲೈನ್ ಕೊಡುವುದು, ಮುಗಿದ ಮೇಲೆ ಕೀಳುವುದು, ಅಷ್ಟೇ ನನ್ನ ದರ್ಬಾರು. ಹಾಗಾಗಿ, ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಕಣ್ಣಿಲ್ಲದವರು ಮತ್ತು ಅರೆಬರೆ ಕಾಣುವವರು ಸೇರಿ ಇಂಟರ್ನೆಟ್ಟಿನಲ್ಲಿ ಕಟ್ಟಿಕೊಂಡ ಈಮೇಲ್ ಗುಂಪಿಗೆ "ನೀನೇ ಮಾಡರೇಟರ್ ಆಗು ಮಾರಾಯ, ಯಾರ ಪತ್ರ ಎಲ್ಲರಿಗೂ ಬಿಡ್ಬೇಕು, ಯಾರದ್ದು ತಡೀಬೇಕು ಅಂತ ನೋಡ್ಕೋ" ಎಂದು ಕಳಸದ ವಾಸಣ್ಣ ಹೇಳಿದಾಗ, ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ವಾಸಣ್ಣ ಅಂಧರ ಶಾಲೆಯ ಹಾಸ್ಟೆಲಿನಲ್ಲಿ ನನಗಿಂತ ಹಿರಿಯ, ನನ್ನಂತೆಯೇ ಪೂರಾ ಕುರುಡ. ನಮ್ಮಲ್ಲಿ ಮುಕ್ಕಾಲು ಜನಕ್ಕೆ ಕಂಪ್ಯೂಟರ್ ಕಲಿಸಿದ್ದೇ ಅವನು. ನನ್ನ ಬೆರಳುಗಳನ್ನು ಹಿಡಿದು ಒಂದೊಂದೇ ಕೀಲಿಯ ಮೇಲೆ ಇಟ್ಟವನು.

ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ನಮ್ಮ ಕಣ್ಣು. ಅದಕ್ಕೆ ಕನ್ನಡ ಬಾರದು. ನಾವು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದೆವು, ಅದು ಅಮೆರಿಕದ ದೊರೆಯೊಬ್ಬ ಕಳಸದ ಸಂತೆಯಲ್ಲಿ ಬಾಳೆಕಾಯಿ ಚೌಕಾಸಿ ಮಾಡಿದ ಹಾಗೆ ಓದುತ್ತಿತ್ತು. ಬೈಗುಳವಾದರೂ ಅದೇ ರಾಗ, ಶುಭಾಶಯವಾದರೂ ಅದೇ ರಾಗ. ಪಳಗಿದವರು ಅದರ ವೇಗ ಏರಿಸಿಕೊಳ್ಳುತ್ತಾರೆ. ನನ್ನದು ಎಂಥ ವೇಗವೆಂದರೆ ಪಕ್ಕದಲ್ಲಿ ಕೂತ ನನ್ನ ಹೆಂಡತಿ ಸುಮತಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. "ಮಿಕ್ಸಿ ಆಫ್ ಮಾಡ್ರೀ" ಎನ್ನುತ್ತಿದ್ದಳು. ನನಗೋ ಒಳಗೊಳಗೇ ಜಂಬ. ಒಂದು ಗುಟುಕು ಕಾಫಿಯಲ್ಲಿ ಮೂರು ಪತ್ರ ಮುಗಿಸುವ ಮಾಡರೇಟರ್ ಈ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ ಎಂದು ನಂಬಿದ್ದೆ. ಕಾನೂನುಗಳನ್ನೂ ಮಾಡಿದ್ದೆ: ತಲೆಬರಹದಲ್ಲಿ ವಿಷಯ ಬರೆಯದ ಪತ್ರ ಬಿಡಬಾರದು, ಶುಭೋದಯದ ಪತ್ರಗಳು ಕೂಡದು. ಶುಭೋದಯ ಹೇಳಿದ ಪಾಪಕ್ಕೆ ಸಂಸೆಯ ಒಬ್ಬ ಮುದುಕರನ್ನು ಒಂದು ವಾರ ಹೊರಗಿಟ್ಟವನು ನಾನು.

ಗೋಣಿಬೀಡಿನ ನಸ್ರೀನ್ ಸೇರಿದ್ದು ಆ ಸುಮಾರಿಗೆ. ತಂದೆಗೆ ಅಲ್ಲೇ ಜೀಪ್ ರಿಪೇರಿಯ ಗ್ಯಾರೇಜು. ಹುಡುಗಿಗೆ ಕಣ್ಣು ಸ್ವಲ್ಪ ಕಾಣುತ್ತದೆ, ಅಕ್ಷರವನ್ನು ಅಂಗೈಯಷ್ಟು ದೊಡ್ಡದು ಮಾಡಿದರೆ ಓದುತ್ತಾಳೆ, ಅದೂ ಕಡಿಮೆಯಾಗುತ್ತಾ ಬಂದಿತ್ತು. ಬ್ಯಾಂಕಿನ ಪರೀಕ್ಷೆ ಹತ್ತಿರವಿತ್ತು, ಮೌಸ್ ಮುಟ್ಟದೆ ಕೀಲಿಗಳಿಂದಲೇ ಎಲ್ಲ ಕೆಲಸ ಮಾಡುವುದನ್ನು ಕಲಿಯಬೇಕಿತ್ತು. ಅದನ್ನು ಕಲಿಸುವವರು ಈ ಗುಡ್ಡಗಳಲ್ಲಿ ನಮ್ಮ ಗುಂಪು ಬಿಟ್ಟರೆ ಯಾರೂ ಇರಲಿಲ್ಲ. ದಿನಕ್ಕೊಂದು ಪ್ರಶ್ನೆ ಕೇಳುತ್ತಿದ್ದಳು. ಉತ್ತರಗಳ ನಡುವೆ ವಾಸಣ್ಣನ ಪತ್ರಗಳೂ ಬರುತ್ತಿದ್ದವು. ಹಿರಿಯರ ಪತ್ರಗಳಿಗೆ ನನ್ನ ಅನುಮತಿ ಬೇಕಿರಲಿಲ್ಲ. ಅವು ನೇರವಾಗಿ ಹೋಗುತ್ತಿದ್ದವು, ನಾನೂ ಅವನ್ನು ಕೇಳಿಸಿಕೊಳ್ಳದೆ ಅಷ್ಟೇ ನೇರವಾಗಿ ದಾಟಿಬಿಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅವಳ ಪತ್ರ ನನಗೊಬ್ಬನಿಗೇ ಬಂತು. "ಸರ್, ಇವತ್ತು ಸಂಜೆ ಗುಂಪು ಬಿಡ್ತೇನೆ. ವಾಸಣ್ಣನವರು ನಮ್ಮ ಗ್ಯಾರೇಜಿಗೆ ಫೋನ್ ಮಾಡ್ತೀನಿ ಅಂತಾ ಇದ್ದಾರೆ. ಅಪ್ಪನಿಗೆ ಗೊತ್ತಾದ್ರೆ ಕಂಪ್ಯೂಟರ್ ಮುಟ್ಟೋಕೆ ಬಿಡಲ್ಲ. ಪರೀಕ್ಷೆ ಮರೆತ ಹಾಗೇ." ಕಳಸಕ್ಕೆ ಫೋನ್ ಮಾಡಿದರೆ ವಾಸಣ್ಣನ ಮನೆಯವರು, "ಅವ್ರು ನಿಮ್ಮನೆಗೇ ಅಂತ ಮೊದಲ ಬಸ್ಸಿಗೆ ಹೊರಟ್ರಲ್ಲ" ಎಂದರು.

ವಾಸಣ್ಣ ಬಂದ, ಕೋಲು ಮೂಲೆಗಿಟ್ಟ, ಸುಮತಿಯ ಕಡುಬನ್ನು ಹೊಗಳಿ ಹೊಗಳಿ ತಿಂದ. ನನ್ನ ಕಡುಬು ತಟ್ಟೆಯಲ್ಲೇ ಉಳಿದಿತ್ತು. ಕೊನೆಗೆ, "ವಾಸಣ್ಣ, ಆ ನಸ್ರೀನ್ ವಿಷಯ..." ಎಂದೆ.

"ಎಂಥದು ಮಾರಾಯ ಅದು? ತಮಾಷೆ ಮಾಡಿದ್ದಪ್ಪ. ಅರ್ಧ ಕಣ್ಣಿದ್ದವ್ರಿಗೆ ನಮ್ಮ ಕಷ್ಟ ಏನು ಗೊತ್ತು? ಹಾಸ್ಟೆಲಲ್ಲಿ ನಾವು ಇದಕ್ಕಿಂತ ಜಾಸ್ತಿ ಆಡ್ಲಿಲ್ವಾ? ಅಷ್ಟಕ್ಕೂ ನಾನು ಕೆಟ್ಟದ್ದು ಬರ್ದಿದ್ರೆ ಇಷ್ಟು ದಿನ ನೀನು ಸುಮ್ನಿರ್ತಿದ್ದೆಯಾ?"

ನಾನು ಕೈ ತೊಳೆದು ಎದ್ದೆ. ಕಂಪ್ಯೂಟರಿನ ಮುಂದೆ ಕೂತೆ. ಅವನು ನಸ್ರೀನಳಿಗೆ ಬರೆದ ಪತ್ರಗಳನ್ನು ಓದಲು ಹಾಕಿದೆ. ಮಿಕ್ಸಿ ತಿರುಗಿತು, ವಾಸಣ್ಣ ನಕ್ಕ. ಆಗ ನನಗೆ ಎಲ್ಲಿಂದ ಬುದ್ಧಿ ಬಂತೋ, ವೇಗವನ್ನು ಇಳಿಸಿದೆ. ಇನ್ನೂ ಇಳಿಸಿದೆ. ಕಲಿಯುವ ಮೊದಲ ದಿನ ಅವನೇ ನನಗೆ ಇಟ್ಟುಕೊಟ್ಟಷ್ಟು ನಿಧಾನಕ್ಕೆ ತಂದೆ. ಯಂತ್ರ ಒಂದೊಂದೇ ಪದ ಎತ್ತಿ ಇಡತೊಡಗಿತು. "ನಿನ್ನದು ನಾಟಕ. ಬಸ್ ಸ್ಟ್ಯಾಂಡಿಗೆ ಬಾ. ಎಷ್ಟು ಕಾಣ್ತದೆ ಅಂತ ನಾನೇ ಮುಟ್ಟಿ ನೋಡ್ತೇನೆ." ಅಡುಗೆ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. "ಫೋನ್ ನಂಬರ್ ಕೊಡು. ಇಲ್ಲದಿದ್ರೆ ಮಗಳು ಗಂಡಸರಿಗೆ ಪತ್ರ ಬರೀತಾಳೆ ಅಂತ ನಿನ್ನಪ್ಪನಿಗೆ ಹೇಳ್ತೇನೆ." ಸುಮತಿ ಬಂದು ಬಾಗಿಲಲ್ಲಿ ನಿಂತದ್ದು ಬಳೆಯ ಸದ್ದಿನಿಂದ ನಮ್ಮಿಬ್ಬರಿಗೂ ತಿಳಿಯಿತು.

"ನಿಲ್ಸು ಮಾರಾಯ" ಎಂದ ವಾಸಣ್ಣ.

ಇನ್ನೂ ಐದಾರು ಪತ್ರಗಳಿದ್ದವು. ನಾನು ನಿಲ್ಲಿಸಲಿಲ್ಲ.

"ಅಣ್ಣ, ಹನ್ನೊಂದರ ಬಸ್ಸು ಈಗ ಬರ್ತದೆ" ಎಂದಳು ಸುಮತಿ. ಅತಿಥಿಗೆ ಎರಡನೆಯ ಲೋಟ ಕಾಫಿ ಕೊಡದೆ ಅವಳು ಕಳಿಸಿದ್ದು ಅದೊಂದೇ ಸಲ. ವಾಸಣ್ಣ ಕೋಲಿಗಾಗಿ ತಡಕಾಡಿದ. ಎತ್ತಿಕೊಡಲು ನನಗೆ ಕೈ ಬರಲಿಲ್ಲ, ಸಂಕಟವೂ ಆಯಿತು. ಅವನ ಹೆಜ್ಜೆ ಗೇಟು ದಾಟುವ ಮೊದಲೇ ಗುಂಪಿನಿಂದ ಅವನ ಹೆಸರು ತೆಗೆದೆ. ಗ್ಯಾರೇಜಿಗೆ ಫೋನ್ ಹೋದರೆ ಈ ಪತ್ರಗಳನ್ನು ಹೀಗೇ ನಿಧಾನವಾಗಿ ಅವನ ಮನೆಯವರ ಮುಂದೆ ಓದಿಸುತ್ತೇನೆ ಎಂದು ಬರೆದೂ ಕಳಿಸಿದೆ. ಫೋನ್ ಹೋಗಲಿಲ್ಲ.

ಆಮೇಲೆ ಎದೆಯುಬ್ಬಿಸಿ ಕುರ್ಚಿಗೊರಗಿದೆ. ಸುಮತಿ ಏನಾದರೂ ಹೊಗಳುತ್ತಾಳೋ ಎಂದು ಕಾದೆ.

"ಆ ಹುಡುಗಿ ಇದಕ್ಕೆ ಮೊದಲು ನಿಮಗೆ ಹೇಳಿರ್ಲಿಲ್ವಾ?" ಎಂದಳು.

"ಒಂದ್ಸಲ ಹೇಳಿದ್ಲು."

"ನೀವೇನು ಬರೆದ್ರಿ? ಅದನ್ನೂ ಓದ್ಸಿ. ಇದೇ ಸ್ಪೀಡಲ್ಲಿ."

ಬೇಕಾದಷ್ಟು ನೆಪ ಹುಡುಕಿದೆ, ಒಂದೂ ಸಿಗಲಿಲ್ಲ. ಅಮೆರಿಕದ ದೊರೆ ನನ್ನ ಮಾತನ್ನು ಬಿಡಿಬಿಡಿಯಾಗಿ ಉಸುರಿದ: "ತಂಗೀ. ಅವರು. ದೊಡ್ಡವರು. ಸ್ವಲ್ಪ. ಹೊಂದಿಕೊಂಡು. ಹೋಗು. ಇನ್ನು ಮುಂದೆ. ಪತ್ರದಲ್ಲಿ. ವಿಷಯ. ಬರೆಯುವುದನ್ನು. ಮರೆಯಬೇಡ."

ಸುಮತಿ ಕಡುಬಿನ ತಟ್ಟೆಗಳನ್ನು ಎತ್ತಿಕೊಂಡಳು. "ಒಬ್ಬರನ್ನ ತೆಗೆದ್ರೆ ಸಾಕಾ?" ಎಂದಷ್ಟೇ ಹೇಳಿ ಒಳಗೆ ಹೋದಳು.

ಸಂಜೆಯ ಒಳಗೆ ನಾನು ಗುಂಪಿನ ಎಲ್ಲರ ಮುಂದೆ ನಸ್ರೀನಳ ಕ್ಷಮೆ ಕೇಳಿದೆ, ಕಾಯುವ ಕೆಲಸ ಬೇರೆ ಯಾರಾದರೂ ವಹಿಸಿಕೊಳ್ಳಿ ಎಂದೆ. ಅವಳು ಗುಂಪು ಬಿಡಲಿಲ್ಲ. ಪರೀಕ್ಷೆ ಬರೆದಳು, ಚಿಕ್ಕಮಗಳೂರಿನಲ್ಲಿ ಕೆಲಸವೂ ಆಯಿತು. ಮಾಡರೇಟರ್ ಈಗ ಅವಳೇ. ಹಿರಿಯರ ಪತ್ರ ನೇರವಾಗಿ ಹೋಗುವ ಪದ್ಧತಿ ನಿಂತಿದೆ, ಆದ್ದರಿಂದ ನನ್ನ ಪತ್ರಗಳೂ ಅವಳ ಅನುಮತಿಗೆ ಕಾಯುತ್ತವೆ. ಕೆಲವು ಎರಡು ದಿನ ಕಾಯುತ್ತವೆ, ಕೆಲವು ಹೋಗುವುದೇ ಇಲ್ಲ. ಯಾಕೆ ಎಂದು ಕೇಳಿ ಬರೆದ ಪತ್ರವೂ ಅಲ್ಲೇ ಎಲ್ಲೋ ಕಾಯುತ್ತಿರಬೇಕು.