ಕಯಾಕಿಗೆ ಕಟ್ಟಿದ ಜೋಕಾಲಿ ಹಗ್ಗ

ಹೆಂಡತಿಯ ತವರಿಗೂ ತಮ್ಮ ಮನೆಗೂ ನಡುವೆ ಭೀಮಾ ಹೊಳೆ ಇರುವುದು ದೇವರು ತಮಗೆ ಮಾಡಿದ ದೊಡ್ಡ ಉಪಕಾರವೆಂದು ವಿಶ್ವಾರಾಧ್ಯ ಮಾಸ್ತರರು ಮೂವತ್ತು ವರ್ಷ ನಂಬಿದ್ದರು. ಚಿತ್ರಕಲಾ ಮಾಸ್ತರಿಕೆಯಿಂದ ನಿವೃತ್ತರಾಗಿ ಜೇವರ್ಗಿಯ ಮನೆಯಲ್ಲಿ ಕೂತ ಎರಡೇ ವರ್ಷಕ್ಕೆ ಅದೇ ಹೊಳೆಯನ್ನು ಅವಳಿಗೆ ತಾವೇ ದಾಟಿಸುತ್ತೇನೆಂದು ಹೊರಟರು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ಕಾರಣವೇನೋ ಇತ್ತು. ಪ್ರತಿ ನಾಗರ ಪಂಚಮಿಗೆ ಹೆಂಡತಿ ಸುಂದರಬಾಯಿಯನ್ನು ಕರೆದೊಯ್ಯಲು ಅಫಜಲಪುರ ಕಡೆಯ ಹಳ್ಳಿಯಿಂದ ಅವಳ ತಮ್ಮ ನಾಗಣ್ಣ ಬರುತ್ತಿದ್ದ. ಹೋದ ವರ್ಷ ಮೊಣಕಾಲು ನೋವೆಂದು ಫೋನು ಮಾಡಿ, "ನೀನಾ ಬಸ್ ಹತ್ತಿ ಬಾ ಅಕ್ಕಾ" ಎಂದ.

"ಕರಿಲಾಕ ಯಾರೂ ಬರದ ಹೋಗಾಕ ನಾ ಏನ್ ಪಾರ್ಸಲ್ ಏನು?" ಎಂದ ಸುಂದರಬಾಯಿ ತವರಿಗೆ ಹೋಗಲೇ ಇಲ್ಲ. ಜೋಳದ ಅಳ್ಳು ಹುರಿದಳು, ಉಂಡಿ ಕಟ್ಟಿದಳು, ಇಡೀ ಹಬ್ಬ ಒಂದು ಮಾತೂ ಆಡಲಿಲ್ಲ. (ಅವಳು ಮಾತಾಡದೆ ಇದ್ದದ್ದನ್ನು ಮಾಸ್ತರರು ಕಂಡದ್ದು ಅದೇ ಮೊದಲು. ಹೆದರಿಬಿಟ್ಟರು.)

"ಮುಂದಿನ ಪಂಚಮಿಗೆ ನಾನಾ ಕರ್ಕೊಂಡು ಹೋಗ್ತೇನಿ," ಎಂದು ಘೋಷಿಸಿದರು. "ಬಸ್ಸಿನಾಗ ಅಲ್ಲ. ನನ್ನ ಕೈಯಾರೆ ಮಾಡಿದ ಕಯಾಕಿನಾಗ!"

ಕಯಾಕು ಎಂದರೆ ಉದ್ದನೆಯ ಸಪೂರ ದೋಣಿ. ಮೇಲಿನ ಬೆನ್ನೆಲ್ಲ ಹಲಗೆಯಿಂದ ಮುಚ್ಚಿ, ಕೂರುವಷ್ಟೇ ತೂತು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಮಾಸ್ತರರು ಎಂಟು ತಿಂಗಳು ಅಂಗಳದಲ್ಲಿ ಪ್ಲೈವುಡ್ ಕೊಯ್ದರು, ಬಗ್ಗಿಸಿದರು, ಅಂಟಿಸಿದರು. ತಯಾರಾದ ಮೇಲೆ ಸುಂದರಬಾಯಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದ್ದು ಒಂದೇ ಮಾತು: "ಒಂದಾ ತೂತು ಅದ. ನಾ ಎಲ್ಲಿ ಕುಂಡ್ರಲಿ?"

ಎರಡನೆಯದನ್ನು ಕೊರೆಯಲು ಮತ್ತೊಂದು ವಾರ ಹಿಡಿಯಿತು.

ಇನ್ನು ಉಳಿದದ್ದು ಕಯಾಕಿನ ಅಲಂಕಾರ. ಬೆನ್ನಿನ ಅಂಚಿಗೆ ಕೊಕ್ಕೆಗಳನ್ನು ಕೂರಿಸಿ, ಅವುಗಳಲ್ಲಿ ಅಡ್ಡಡ್ಡ ಹಗ್ಗ ಎಳೆದು ಕಟ್ಟಬೇಕು. ನೀರಿಗೆ ಬಿದ್ದವರು ಹಿಡಿದುಕೊಳ್ಳುವುದು ಆ ಹಗ್ಗವನ್ನೇ. ಪಕ್ಕದ ಮನೆಯ ಬಡಿಗ ಲಾಲಸಾಬ ಬಂದು ನೋಡಿ ತಲೆ ಕೆರೆದುಕೊಂಡ.

"ಮಾಸ್ತರ್ರ, ಬರೇ ತಿರುವಿ ಕೂಡ್ಸಿದ ಕೊಕ್ಕಿ ನಿಲ್ಲಂಗಿಲ್ರಿ. ಆರಪಾರ ಬೋಲ್ಟ್ ಹಾಕಿ ಒಳಗ ವಾಷರ್ ಕೊಟ್ಟು ನಟ್ ಬಿಗೀರಿ."

"ಲಾಲಸಾಬ, ನೀ ಬಾಗಲಾ ಕಿಟಕಿ ಮಾಡಾಂವ. ಇದು ಜಲಯಾನದ ವಿಷಯ."

"ಹೌದ್ರಿ," ಎಂದು ಲಾಲಸಾಬ ತನ್ನ ಮನೆಯ ಕಡೆ ಹೊರಟ. ಬಲ್ಲವರ ಮಾತು ಕೇಳದಿರುವುದು ಮಾಸ್ತರರಿಗೆ ವೃತ್ತಿಯಿಂದ ಬಂದ ರೋಗ.

ತಂದಿದ್ದ ನೈಲಾನ್ ಹಗ್ಗ ಹಳದಿ ಬಣ್ಣದ್ದು. ತೇಗದ ಬಣ್ಣದ ವಾರ್ನಿಷ್ ಮೇಲೆ ಅದನ್ನಿಟ್ಟು ನೋಡಿದ ಚಿತ್ರಕಲಾ ಮಾಸ್ತರರ ಕಣ್ಣಿಗೆ ಕುಟುಕಿದಂತಾಯಿತು. ಇಂಥ ನೌಕೆಗೆ ನಾರಿನ ಹಗ್ಗವೇ ಶೋಭೆ! ಆಗ ನೆನಪಾದದ್ದು ಹೆಂಡತಿಯ ಸಂದೂಕದಲ್ಲಿದ್ದ ಪುಂಡಿನಾರಿನ ಹಗ್ಗ.

ಅದು ಅಂತಿಂಥ ಹಗ್ಗವಲ್ಲ. ಅವಳ ಅಪ್ಪ ಹೊಲದ ಪುಂಡಿಕಟ್ಟಿಗೆಯನ್ನು ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಮೂರು ಎಳೆ ಕೂಡಿಸಿ ಹೊಸೆದದ್ದು. ಅಪ್ಪ ತೀರಿ ಹನ್ನೆರಡು ವರ್ಷವಾಗಿತ್ತು. ಪ್ರತಿ ಪಂಚಮಿಗೆ ಸುಂದರಬಾಯಿ ಅದನ್ನು ತವರಿಗೆ ಒಯ್ದು ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿಸುತ್ತಿದ್ದಳು. ತೂಗುವಾಗ ಕೊಂಬೆಯ ಮೇಲೆ ಹಗ್ಗ 'ಕಿರ್ರ್... ಕಿರ್ರ್...' ಅನ್ನುತ್ತಿತ್ತು. "ಅಪ್ಪ ಮಾತಾಡಾಕತ್ತಾನ ನೋಡ್ರಿ," ಎಂದು ನಗುತ್ತಿದ್ದಳು.

ಇದೆಲ್ಲ ಮಾಸ್ತರರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಅದೇ ದುಃಖ. ಹೋದ ವರ್ಷ ಹೇಗೂ ಬಳಸಿಲ್ಲ, ಜೋಕಾಲಿಗೆ ಆ ಹಳದಿ ನೈಲಾನೇ ಗಟ್ಟಿ ಎಂದು ತಮಗೆ ತಾವೇ ಪಾಠ ಹೇಳಿಕೊಂಡರು. ಸುಂದರಬಾಯಿ ಹಿಟ್ಟಿನ ಗಿರಣಿಗೆ ಹೋದ ಹೊತ್ತಿನಲ್ಲಿ ಹಗ್ಗ ತೆಗೆದು, ಕತ್ತರಿಸಿ, ಹೊಸೆದ ಮೂರೂ ಎಳೆಗಳನ್ನು ಗುರುತೇ ಸಿಗದಂತೆ ಬೇರೆ ಮಾಡಿದರು. ಕೊಕ್ಕೆಯಿಂದ ಕೊಕ್ಕೆಗೆ ಎಳೆದೆಳೆದು ಕಟ್ಟಿದರು. ಬೆರಳಿಂದ ಮೀಟಿದರೆ ಏಕತಾರಿಯಂತೆ ನುಡಿಯಬೇಕು, ಅಷ್ಟು ಬಿಗಿ.

ನಾಗರ ಪಂಚಮಿಗೆ ಮುಂಚೆ ಬರುವ ರೊಟ್ಟಿ ಪಂಚಮಿಯ ಬೆಳಿಗ್ಗೆ ಸುಂದರಬಾಯಿ ಹೊಸ ಇಳಕಲ್ ಸೀರೆ ಉಟ್ಟು ಸಂದೂಕ ತೆಗೆದಳು. "ರೀ, ನನ್ನ ಹಗ್ಗ ಎಲ್ಲ್ಯದ?"

"ಹಗ್ಗ ನಾನಾ ಕಯಾಕಿಗೆ ಹಾಕೇನಿ, ನೀ ನಡಿ," ಎಂದರು ಮಾಸ್ತರರು. ಸುಳ್ಳೇನಲ್ಲ.

ಲಾಲಸಾಬ ತನ್ನ ಟಂಟಂ ಆಟೋದ ಮೇಲೆ ಕಯಾಕು ಹೇರಿಕೊಂಡು ಹೊಳೆದಂಡೆಗೆ ತಂದ. ಮಳೆ ತಡವಾಗಿ ಹೊಳೆ ಶಾಂತವಾಗಿತ್ತು. ಸುಂದರಬಾಯಿ ಬಗ್ಗಿ ಒಂದು ತೂತಿನೊಳಗೆ ನೋಡಿದಳು, ಇನ್ನೊಂದರೊಳಗೆ ನೋಡಿದಳು. "ಹಗ್ಗ ಕಾಣವಲ್ದಲ್ರಿ?"

ಮಾಸ್ತರರು ಬೆರಳೆತ್ತಿ ಕಯಾಕಿನ ಬೆನ್ನು ತೋರಿಸಿದರು.

ಅವಳು ಒಂದು ಎಳೆಯನ್ನು ಮುಟ್ಟಿದಳು. ಇನ್ನೊಂದನ್ನು ಮುಟ್ಟಿದಳು. ಬೈಯಲಿಲ್ಲ. ಬೈದಿದ್ದರೆ ಮಾಸ್ತರರಿಗೆ ಎಷ್ಟೋ ಹಾಯೆನಿಸುತ್ತಿತ್ತು. ಸುಮ್ಮನೆ ತಂಬಿಗೆ ತುಂಬಿ ತಂದು ಗಂಗವ್ವನ ಪೂಜೆಗೆ ನಿಂತಳು. ಕಯಾಕಿನ ಬೆನ್ನಿನ ಮೇಲೆ ತುದಿಯಿಂದ ತುದಿಗೆ ನೀರೆರೆದಳು, ಕುಂಕುಮ ಹಚ್ಚಿದಳು, ಮತ್ತೆ ನೀರೆರೆದಳು. ಅರ್ಧ ತಾಸಿನ ಪೂಜೆ.

"ಮಾಸ್ತರ್ರ," ಲಾಲಸಾಬ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಜೋತುಬಿದ್ದ ಹೊರಸಿನ ಹಗ್ಗಕ್ಕ ನೀರು ಯಾಕ ಹೊಡೀತಾರ ಗೊತ್ತದೇನ್ರಿ?"

"ನಾರಿನ ಹಗ್ಗ ನೆಂದ್ರ ಬಿಗಿ ಆಗ್ತದ. ಅಷ್ಟೂ ಗೊತ್ತಿಲ್ಲೇನು ನನಗ?" ಎಂದರು ಮಾಸ್ತರರು. ಎಂದು, ಕಯಾಕಿನಲ್ಲಿ ಕಾಲಿಟ್ಟು, "ನಾ ಒಂದು ಸುತ್ತು ಹೊಡದು ಬಂದು ನಿನ್ನ ಕುಂಡ್ರಸ್ತೇನಿ" ಎಂದು ಹೆಂಡತಿಗೆ ಅಭಯ ಕೊಟ್ಟು ಹೊರಟೇಬಿಟ್ಟರು. ಉತ್ತರ ಗೊತ್ತಿದ್ದೂ ಪ್ರಶ್ನೆ ತಿಳಿಯದ ವಿದ್ಯಾರ್ಥಿಗಳನ್ನು ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಹತ್ತು ಮಾರು ಹೋಗಿರಬೇಕು. ಟಕ್! ಒಂದು ಕೊಕ್ಕೆ ಕಿತ್ತು ಹಾರಿ ಕಿವಿಯ ಪಕ್ಕದಲ್ಲೇ ಹೋಯಿತು. ಟಕ್, ಟಕ್, ಇನ್ನೆರಡು. ನಾಲ್ಕನೆಯದು ತನ್ನ ಜೊತೆ ಬೆನ್ನಿನ ಹಲಗೆಯನ್ನೂ ಎಬ್ಬಿಸಿಕೊಂಡು ಬಂತು. ಭೀಮೆ ಒಳಗೆ ಬಂದಳು, ಮಾಸ್ತರರು ಹೊರಗೆ ಬಂದರು. ಪುಣ್ಯಕ್ಕೆ ಸೊಂಟದವರೆಗಷ್ಟೇ ನೀರು. ಬಿಟ್ಟುಹೋದ ಎಳೆಗಳನ್ನೆಲ್ಲ ಕೈಗೆ ಸುತ್ತಿಕೊಂಡು, ಕೆಸರು ಮೆತ್ತಿಕೊಂಡು ದಂಡೆಗೆ ಬಂದು ನಿಂತರು. ಎಂಟು ತಿಂಗಳ ದುಡಿಮೆ ಹಿಂದೆ ಮುಳುಗುತ್ತಿತ್ತು, ತಿರುಗಿ ನೋಡುವ ಮನಸ್ಸಾಗಲಿಲ್ಲ.

ಸುಂದರಬಾಯಿ ಸೆರಗಿನಿಂದ ಅವರ ಚಷ್ಮಾ ಒರೆಸಿ ಕೊಟ್ಟಳು. "ಹೊಸಾ ಹಗ್ಗ ಇದ್ರೂ ಅಪ್ಪ ಮೊದಲ ನೀರಾಗ ನೆನಸಿ, ಆಮ್ಯಾಲ ಕಟ್ತಿದ್ದ. ಕೇಳಿದ್ರ ಹೇಳ್ತಿದ್ದೆ." ಅವರ ಕೈಯಲ್ಲಿದ್ದ ಎಳೆಗಳ ಕಡೆ ನೋಡಿ, "ಕೇಳಿದ್ರ ಹಗ್ಗಾನೂ ಕೊಡ್ತಿದ್ದೆನಲ್ರಿ" ಎಂದಳು.

ಮಾಸ್ತರರು ಚಷ್ಮಾ ಹಾಕಿಕೊಂಡರು. "ನಡಿ, ಬಸ್ಸಿಗೆ ಹೋಗೂಣು. ನಿನ್ನ ಕರ್ಕೊಂಡು ಹೋಗ್ತೇನಿ ಅಂದೇನಲ್ಲ," ಎಂದರು.

"ಇದನ್ನ ಹೋದ ವರ್ಷಾನೇ ಅಂದಿದ್ರ ಸಾಕಿತ್ತು," ಎಂದು ಸುಂದರಬಾಯಿ ರೊಟ್ಟಿಗಂಟು ಎತ್ತಿಕೊಂಡಳು.

ಮರುದಿನ ತವರಿನ ಬೇವಿನ ಗಿಡದ ಕೆಳಗೆ ಮನೆಯವರೆಲ್ಲ ನೆರೆದಿದ್ದರು. ನಾಗಣ್ಣನ ಮಗಳು ಐಶ್ವರ್ಯಾ ಕೇಳಿಯೇಬಿಟ್ಟಳು, "ಅತ್ತಿ, ಅಜ್ಜನ ಹಗ್ಗ ತಂದಿಲ್ಲೇನು?"

ಮಾಸ್ತರರು ನೆಲ ನೋಡಿದರು.

"ಇಲ್ಲವ್ವ," ಎಂದಳು ಸುಂದರಬಾಯಿ. "ಇಲಿ ಕಡೀತು."

"ಅಷ್ಟು ದಪ್ಪನ ಹಗ್ಗ! ಎಂಥಾ ಇಲಿ ಅತ್ತಿ?"

"ಐದೂವರಿ ಫೂಟ್ ಅದ. ಚಷ್ಮಾ ಹಾಕ್ತದ. ತಿಂಗಳಾ ಪಿಂಚಣಿ ಬರ್ತದ."

ಗಿಡದ ಮೇಲಿನ ಗಿಳಿಗಳು ಹಾರಿಹೋಗುವಷ್ಟು ನಗು ಎದ್ದಿತು. ನಾಗಣ್ಣ ನೋವಿನ ಮೊಣಕಾಲು ತಟ್ಟಿಕೊಂಡು ನಕ್ಕ. ಯಾರೋ ಅಂಗಡಿಯಿಂದ ನೈಲಾನ್ ಹಗ್ಗ ತಂದು ಕಟ್ಟಿದರು. ಹಳದಿ ಬಣ್ಣದ್ದೇ.

ಸುಂದರಬಾಯಿ ಜೋಕಾಲಿಯ ಮೇಲೆ ಕೂತು ಕರೆದಳು, "ಬರ್ರಿ. ಹಗ್ಗ ಕಡದವರಾ ತೂಗಬೇಕು."

ಮಾಸ್ತರರು ತೂಗಿದರು. ಜೋಕಾಲಿ ಮೇಲೆ ಹೋಯಿತು, ಕೆಳಗೆ ಬಂತು. ಸುಂದರಬಾಯಿ ಕತ್ತೆತ್ತಿ ಕೊಂಬೆಯ ಕಡೆ ಕಿವಿಗೊಟ್ಟಳು. "ಸಪ್ಪಳಾನೇ ಇಲ್ಲಲ್ರಿ," ಎಂದಳು. ಅವಳ ಮುಖದ ನಗು ಸಣ್ಣಗಾಗಿತ್ತು.

ಮಾಸ್ತರರು ಅದನ್ನು ಕಂಡರು. ಸುತ್ತ ನಿಂತವರನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಮೂವತ್ತೆರಡು ವರ್ಷ ಮಕ್ಕಳನ್ನು ಗದರಿಸಿದ್ದ ಅದೇ ಬಾಯಲ್ಲಿ ಶುರುಮಾಡಿದರು:

"ಕಿರ್ರ್... ಕಿರ್ರ್..."

ಸಂಜೆಯವರೆಗೆ ಅವರನ್ನು ಯಾರೂ ನಿಲ್ಲಿಸಲು ಬಿಡಲಿಲ್ಲ.